ಬಿಲ್ಲು ಮತ್ತು ಕಿರುಗುರಾಣಿಯ ಜೋಡಿ ಬಳಕೆ

ಬಿಲ್ಲು ಮತ್ತು ಕಿರುಗುರಾಣಿಯ ಜೋಡಿ ಬಳಕೆ ಎಂದರೆ ಒಬ್ಬನೇ ಯೋಧನು ಬಿಲ್ಲನ್ನು ಮುಖ್ಯ ಆಯುಧವಾಗಿ ಪ್ರಯೋಗಿಸುತ್ತ, ತೋಳಿಗೆ ಕಟ್ಟಿದ ಅಥವಾ ಸೊಂಟಕ್ಕೆ ತೂಗುಹಾಕಿದ ಚಿಕ್ಕ ಗುರಾಣಿಯಿಂದ ರಕ್ಷಣೆಯನ್ನೂ ಪಡೆಯುವ ಕ್ರಮ. ಕಲ್ಪನಾಲೋಕದ ಪಾತ್ರಾಭಿನಯ ಆಟಗಳಲ್ಲಿ (ರೋಲ್‌ಪ್ಲೇಯಿಂಗ್ ಗೇಮ್) ಈ ಜೋಡಿ ಜನಪ್ರಿಯವಾಗಿದ್ದು, ಕೆಲವು ಆಟಗಳ ನಿಯಮಗಳು ಇದಕ್ಕೆ ಅನುಮತಿ ನೀಡುತ್ತವೆ, ಕೆಲವು ನಿರಾಕರಿಸುತ್ತವೆ. ಇದು ಎಷ್ಟರಮಟ್ಟಿಗೆ ನೈಜ ಎಂಬ ಪ್ರಶ್ನೆಗೆ ದೇಹದ ಚಲನೆ, ಯುದ್ಧದ ಇತಿಹಾಸ ಮತ್ತು ಶಿಲ್ಪಗಳು ಉತ್ತರ ನೀಡಬಲ್ಲವು. ಬಿಲ್ಲಾಳು ಚಿಕ್ಕ ಗುರಾಣಿಯನ್ನು ತನ್ನೊಂದಿಗೆ ಒಯ್ಯುವುದು ಸಂಪೂರ್ಣ ನೈಜವಾದುದು. ಆದರೆ ಬಾಣ ಬಿಡುವ ಕ್ಷಣದಲ್ಲಿಯೇ ಅದೇ ಗುರಾಣಿಯು ಅವನನ್ನು ಕಾಯುತ್ತದೆ ಎಂಬುದು ಬಹುಮಟ್ಟಿಗೆ ಕಲ್ಪನೆ. ಕರ್ನಾಟಕದ ಶಿಲ್ಪ ಪರಂಪರೆಯಲ್ಲಿ ಬಿಲ್ಲು ಮತ್ತು ಗುರಾಣಿಗಳನ್ನು ಏಕಕಾಲಕ್ಕೆ ಹಿಡಿದ ಪ್ರಸಿದ್ಧ ರೂಪ ವೀರಭದ್ರನದು; ಅವನಿಗೆ ನಾಲ್ಕು ಕೈಗಳಿವೆ.

ಪದಗಳು

ಗುರಾಣಿಗೆ ಕನ್ನಡದಲ್ಲಿ ಹರಿಗೆ, ಹಲಗೆ, ಡಾಲು ಎಂಬ ಹೆಸರುಗಳೂ ಇವೆ. ಸಂಸ್ಕೃತ ಮೂಲದ ಖೇಟಕ, ಫಲಕ, ಚರ್ಮ ಎಂಬ ಪದಗಳು ಶಿಲ್ಪಶಾಸ್ತ್ರ ಮತ್ತು ಕಾವ್ಯಗಳಲ್ಲಿ ಬರುತ್ತವೆ. ಗುರಾಣಿಗಳನ್ನು ತೊಗಲಿನಿಂದ ಮಾಡುತ್ತಿದ್ದುದರಿಂದ ‘ಚರ್ಮ’ ಎಂಬ ಪದಕ್ಕೆ ಗುರಾಣಿ ಎಂಬ ಅರ್ಥ ಬಂದಿದೆ. ‘ಕಿರುಗುರಾಣಿ’ ಎಂಬ ಪದವನ್ನು ಈ ಲೇಖನದಲ್ಲಿ ಸುಮಾರು 20ರಿಂದ 45 ಸೆಂಟಿಮೀಟರ್ ವ್ಯಾಸದ, ಒಂದು ಕೈಯಲ್ಲಿ ಸುಲಭವಾಗಿ ಆಡಿಸಬಹುದಾದ ದುಂಡು ಗುರಾಣಿಗೆ ಬಳಸಲಾಗಿದೆ. ಯುರೋಪಿನಲ್ಲಿ ಇದನ್ನು ಬಕ್ಲರ್ ಎನ್ನುತ್ತಾರೆ.

ಬಿಲ್ಲಿನ ದಾರವನ್ನು ಹೆದೆ, ಬಾಣಗಳ ಚೀಲವನ್ನು ಬತ್ತಳಿಕೆ, ಬಿಲ್ಲು ಹಿಡಿದ ಯೋಧನನ್ನು ಬಿಲ್ಲಾಳು ಎನ್ನಲಾಗುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವನ್ನು ಇಲ್ಲಿ ಮುಂದೋಳು ಎಂದು ಕರೆಯಲಾಗಿದೆ.

ಬಾಣ ಬಿಡುವಾಗ ಕೈಗಳ ಕೆಲಸ

ಬಿಲ್ಲು ಎರಡು ಕೈಗಳನ್ನೂ ಪೂರ್ಣವಾಗಿ ಬೇಡುವ ಆಯುಧ. ಬಲಗೈ ಬಳಕೆಯ ಯೋಧನಲ್ಲಿ ಎಡಗೈ ಬಿಲ್ಲಿನ ಹಿಡಿಯನ್ನು ಹಿಡಿದು ಗುರಿಯತ್ತ ಚಾಚಿಕೊಂಡಿರುತ್ತದೆ. ಬಲಗೈ ಬತ್ತಳಿಕೆಯಿಂದ ಬಾಣವನ್ನು ತೆಗೆದು, ಹೆದೆಗೆ ಹೂಡಿ, ಗಲ್ಲದವರೆಗೆ ಅಥವಾ ಕಿವಿಯವರೆಗೆ ಸೆಳೆದು ಬಿಡುತ್ತದೆ. ಬಲವಾದ ಯುದ್ಧಬಿಲ್ಲಿನಲ್ಲಿ ಈ ಸೆಳೆತವು ತೋಳುಗಳ ಕೆಲಸ ಮಾತ್ರವಲ್ಲ. ಭುಜ, ಬೆನ್ನು ಮತ್ತು ಸೊಂಟಗಳೂ ಅದರಲ್ಲಿ ಪಾಲ್ಗೊಳ್ಳುತ್ತವೆ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಿಂದ ನೂರಕ್ಕೂ ಹೆಚ್ಚು ಉದ್ದಬಿಲ್ಲುಗಳು ದೊರೆತಿದ್ದು, ಅವುಗಳ ಸೆಳೆತದ ಬಲ ಸುಮಾರು 100ರಿಂದ 180 ಪೌಂಡ್ (ಸುಮಾರು 45ರಿಂದ 80 ಕಿಲೋಗ್ರಾಂ ಭಾರಕ್ಕೆ ಸಮ) ಎಂದು ಅಂದಾಜಿಸಲಾಗಿದೆ.

ಧನುರ್ವೇದ ಸಂಬಂಧಿ ಗ್ರಂಥಭಾಗಗಳು ಬಿಲ್ಲಾಳಿನ ನಿಲುವುಗಳನ್ನು ಆಲೀಢ, ಪ್ರತ್ಯಾಲೀಢ, ವೈಶಾಖ, ಮಂಡಲ, ಸಮಪಾದ ಎಂಬ ಹೆಸರುಗಳಿಂದ ವಿವರಿಸುತ್ತವೆ. ಅಗ್ನಿಪುರಾಣದಲ್ಲಿಯೂ ಇಂತಹ ವಿವರಣೆ ಇದೆ. ನಿಲುವಿಗೆ ಇಷ್ಟು ಮಹತ್ವ ನೀಡಿರುವುದಕ್ಕೆ ಕಾರಣ, ಬಿಲ್ಲನ್ನು ಸೆಳೆದ ಗಳಿಗೆಯಲ್ಲಿ ಇಡೀ ದೇಹವೇ ಆಯುಧದ ಚೌಕಟ್ಟಾಗಿ ನಿಲ್ಲುವುದು. ಆ ಗಳಿಗೆಯಲ್ಲಿ ತೋಳನ್ನು ಅತ್ತಿತ್ತ ಸರಿಸಿದರೆ ಗುರಿ ತಪ್ಪುತ್ತದೆ. ಗುರಾಣಿಯ ಕೆಲಸವಾದರೋ ಇದಕ್ಕೆ ವಿರುದ್ಧ. ಬರುವ ಏಟಿನ ದಿಕ್ಕಿಗೆ ತೋಳನ್ನು ಕ್ಷಣಕ್ಷಣವೂ ಸರಿಸುವುದೇ ಗುರಾಣಿಯ ವಿದ್ಯೆ. ಸ್ಥಿರವಾಗಿರಬೇಕಾದ ತೋಳು ಮತ್ತು ಚಲಿಸುತ್ತಿರಬೇಕಾದ ತೋಳು ಒಂದೇ ಆಗಿರುವುದು ಈ ಜೋಡಿಯ ಮೂಲ ತೊಡಕು.

ಭೌತಿಕ ಮಿತಿಗಳು

ಹಿಡಿತದ ಮಿತಿ

ಕಿರುಗುರಾಣಿಗಳನ್ನು ಹಿಡಿಯುವ ಕ್ರಮದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ನಡುವೆ ಒಂದೇ ಹಿಡಿಯಿರುವ ಮುಷ್ಟಿಗುರಾಣಿ. ಯುರೋಪಿನ ಬಕ್ಲರ್‌ಗಳು ಹೆಚ್ಚಾಗಿ ಈ ಬಗೆಯವು. ಇದನ್ನು ಹಿಡಿದ ಮುಷ್ಟಿಯಲ್ಲಿ ಬಿಲ್ಲಿನ ಹಿಡಿಗೆ ಸ್ಥಳವಿರುವುದಿಲ್ಲ. ಎರಡನೆಯದು ಪಟ್ಟಿಗಳಿಂದ ಮುಂದೋಳಿಗೆ ಬಿಗಿಯುವ ತೋಳುಗುರಾಣಿ. ಇದರಲ್ಲಿ ಅಂಗೈ ಬಿಡುವಾಗಿರುವುದರಿಂದ ಬಿಲ್ಲನ್ನು ಹಿಡಿಯಬಹುದು. ಭಾರತದ ದುಂಡು ಡಾಲುಗಳಲ್ಲಿ ಒಳಬದಿಗೆ ಎರಡು ಹಿಡಿಗಳೂ ನಡುವೆ ಬೆರಳಗೆಣ್ಣುಗಳಿಗೆ ಒಂದು ಮೆತ್ತೆಯೂ ಇರುವುದು ಸಾಮಾನ್ಯ; ಎರಡು ಹಿಡಿಗಳನ್ನೂ ಸೇರಿಸಿ ಮುಷ್ಟಿಯಲ್ಲಿ ಹಿಡಿಯಬಹುದು, ಅಗತ್ಯವಿದ್ದರೆ ತೋಳಿಗೆ ಏರಿಸಿಕೊಳ್ಳಲೂಬಹುದು. ಆದ್ದರಿಂದ ಬಿಲ್ಲಿನ ಜೊತೆಗಿನ ಬಳಕೆಯ ಚರ್ಚೆ ವಾಸ್ತವದಲ್ಲಿ ತೋಳುಗುರಾಣಿಗೆ ಮಾತ್ರ ಅನ್ವಯಿಸುತ್ತದೆ.

ದಿಕ್ಕಿನ ಮಿತಿ

ಬಾಣ ಬಿಡುವವನ ಎಡಮುಂದೋಳು ಶತ್ರುವಿನ ಕಡೆಗೆ ನೇರವಾಗಿ ಚಾಚಿಕೊಂಡಿರುತ್ತದೆ. ಆ ತೋಳಿನ ಹೊರಬದಿಗೆ ಬಿಗಿದ ಗುರಾಣಿಯ ಮುಖ ಪಕ್ಕಕ್ಕೆ ತಿರುಗಿರುತ್ತದೆ. ಶತ್ರುವಿಗೆ ಕಾಣುವುದು ಅದರ ಅಂಚು ಮಾತ್ರ. 30 ಸೆಂಟಿಮೀಟರ್ ವ್ಯಾಸದ ದುಂಡು ಗುರಾಣಿಯನ್ನು ಎದುರಾಗಿ ಹಿಡಿದರೆ ಸುಮಾರು 700 ಚದರ ಸೆಂಟಿಮೀಟರ್ ಪ್ರದೇಶವನ್ನು ಮರೆಮಾಡುತ್ತದೆ. ಅದೇ ಗುರಾಣಿ ನೋಟದ ರೇಖೆಗೆ 10 ಡಿಗ್ರಿ ಕೋನದಲ್ಲಿ ಓರೆಯಾಗಿದ್ದರೆ ಮರೆಯಾಗುವ ಪ್ರದೇಶ ಸುಮಾರು 120 ಚದರ ಸೆಂಟಿಮೀಟರ್‌ಗೆ, ಅಂದರೆ ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಎದೆ, ಮುಖ ಮತ್ತು ಕಾಲುಗಳಿಗೆ ಇದರಿಂದ ಹೇಳಿಕೊಳ್ಳುವಂತಹ ರಕ್ಷಣೆ ದೊರೆಯುವುದಿಲ್ಲ. ಎಡಪಕ್ಕದಿಂದ ಬರುವ ಏಟಿಗೆ ಮಾತ್ರ ಅದು ಅಡ್ಡವಾಗಬಲ್ಲದು.

ಹೀಗಾಗಿ ಬಿಲ್ಲನ್ನು ಸೆಳೆದು ನಿಂತವನಿಗೆ ತೋಳುಗುರಾಣಿ ಬಹುತೇಕ ನಿರುಪಯುಕ್ತ. ಬಿಲ್ಲನ್ನು ಇಳಿಸಿ ತೋಳನ್ನು ಎದೆಗೆ ಅಡ್ಡವಾಗಿ ಮಡಚಿದಾಗ ಮಾತ್ರ ಗುರಾಣಿಯ ಮುಖ ಶತ್ರುವಿನತ್ತ ತಿರುಗುತ್ತದೆ.

ಭಾರದ ಮಿತಿ

ಚಾಚಿದ ತೋಳಿನ ಮೇಲಿನ ಭಾರವು ಭುಜದಿಂದ ಇರುವ ದೂರಕ್ಕೆ ಅನುಗುಣವಾಗಿ ಹೆಚ್ಚು ಹೊರೆಯಾಗುತ್ತದೆ. ಉದಾಹರಣೆಗೆ, 0.7 ಕಿಲೋಗ್ರಾಂ ತೂಕದ ಬಿಲ್ಲನ್ನು ಭುಜದಿಂದ 60 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಭುಜದ ಮೇಲಿನ ತಿರುಗುಬಲ 0.42 ಕಿಲೋಗ್ರಾಂ-ಮೀಟರ್. ಅದೇ ತೋಳಿಗೆ, ಭುಜದಿಂದ 40 ಸೆಂಟಿಮೀಟರ್ ದೂರದಲ್ಲಿ, 1.5 ಕಿಲೋಗ್ರಾಂ ತೂಕದ ಗುರಾಣಿಯನ್ನು ಕಟ್ಟಿದರೆ ಇನ್ನೂ 0.6 ಕಿಲೋಗ್ರಾಂ-ಮೀಟರ್ ಸೇರುತ್ತದೆ. ತೋಳಿನ ಸ್ವಂತ ತೂಕವನ್ನು ಬಿಟ್ಟು ಲೆಕ್ಕ ಹಾಕಿದರೆ ಹೊರೆಯು ಎರಡು ಪಟ್ಟನ್ನೂ ಮೀರುತ್ತದೆ. ಒಂದೆರಡು ಬಾಣಗಳಿಗೆ ಇದು ತಡೆಯಾಗದಿದ್ದರೂ, ನಿರಂತರವಾಗಿ ಬಾಣ ಬಿಡಬೇಕಾದವನ ತೋಳು ಬೇಗ ದಣಿದು ಗುರಿ ನಡುಗುತ್ತದೆ.

ಹೆದೆಯ ದಾರಿ

ಬಾಣವನ್ನು ಬಿಟ್ಟ ಕೂಡಲೇ ಹೆದೆಯು ಎಡಮುಂದೋಳಿನ ಒಳಬದಿಗೆ ಬಹು ಸಮೀಪದಲ್ಲಿ ಹಾದುಹೋಗುತ್ತದೆ. ಆ ಪೆಟ್ಟಿನಿಂದ ಚರ್ಮವನ್ನು ಕಾಪಾಡಲು ಬಿಲ್ಲಾಳುಗಳು ತೋಳಿಗೆ ತೊಗಲಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಇದನ್ನು ಸಂಸ್ಕೃತದಲ್ಲಿ ಗೋಧಾ ಎಂದೂ, ಬೆರಳುಗಳ ರಕ್ಷೆಯನ್ನು ಅಂಗುಲಿತ್ರಾಣ ಎಂದೂ ಕರೆಯುತ್ತಾರೆ. ಮಹಾಭಾರತದಲ್ಲಿ ಯುದ್ಧಕ್ಕೆ ಸಿದ್ಧರಾದ ವೀರರನ್ನು ಗೋಧಾ-ಅಂಗುಲಿತ್ರಾಣಗಳನ್ನು ಕಟ್ಟಿಕೊಂಡವರೆಂದು ವರ್ಣಿಸುವುದುಂಟು. ತೋಳುಗುರಾಣಿಯ ಅಂಚು ಒಳಬದಿಗೆ ಚಾಚಿಕೊಂಡಿದ್ದರೆ ಹೆದೆ ಅದಕ್ಕೆ ತಗುಲಿ ಬಾಣ ದಾರಿ ತಪ್ಪುತ್ತದೆ. ಆದ್ದರಿಂದ ಬಿಲ್ಲಿನೊಂದಿಗೆ ಕಟ್ಟಬಹುದಾದ ಗುರಾಣಿ ಚಿಕ್ಕದಾಗಿ, ಹಗುರವಾಗಿ, ತೋಳಿನ ಹೊರಬದಿಗೆ ಒತ್ತಿಕೊಂಡಿರಬೇಕು. ಇಷ್ಟು ಚಿಕ್ಕದಾದ ಗುರಾಣಿ ತೋಳಿನ ಕವಚಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡಲಾರದು.

ಬಿಲ್ಲಾಳಿನ ರಕ್ಷಣೆಯ ನಾಲ್ಕು ಮಾರ್ಗಗಳು

ಇತಿಹಾಸದಲ್ಲಿ ಬಿಲ್ಲಾಳುಗಳು ರಕ್ಷಣೆಯಿಲ್ಲದೆ ಇದ್ದರೆಂದು ಇದರ ಅರ್ಥವಲ್ಲ. ಅವರ ರಕ್ಷಣೆಯನ್ನು ಸ್ಥೂಲವಾಗಿ ನಾಲ್ಕು ಮಾರ್ಗಗಳಲ್ಲಿ ಗುರುತಿಸಬಹುದು.

1. ಮೈಮೇಲಿನ ಕವಚ: ಗುರಾಣಿಯ ಕೆಲಸವನ್ನು ದೇಹಕ್ಕೆ ತೊಡುವ ಕವಚಕ್ಕೆ ವಹಿಸುವುದು.
2. ಇನ್ನೊಬ್ಬನ ಗುರಾಣಿ: ಬಿಲ್ಲಾಳಿನ ಮುಂದೆ ಗುರಾಣಿ ಹಿಡಿದ ಜೊತೆಗಾರನನ್ನು ನಿಲ್ಲಿಸುವುದು.
3. ನೆಲದ ಮೇಲಿನ ಗುರಾಣಿ: ದೊಡ್ಡ ಹಲಗೆಯನ್ನು ನೆಲಕ್ಕೆ ಊರಿ ಅದರ ಮರೆಯಿಂದ ಬಾಣ ಬಿಡುವುದು.
4. ಸರದಿಯ ಬಳಕೆ: ಗುರಾಣಿಯನ್ನು ಸೊಂಟದಲ್ಲೋ ಬೆನ್ನಲ್ಲೋ ಇಟ್ಟುಕೊಂಡು, ಶತ್ರು ಹತ್ತಿರ ಬಂದಾಗ ಬಿಲ್ಲನ್ನು ಬಿಟ್ಟು ಕತ್ತಿ ಮತ್ತು ಗುರಾಣಿಗಳನ್ನು ಎತ್ತಿಕೊಳ್ಳುವುದು.

ಕಿರುಗುರಾಣಿಯ ನಿಜವಾದ ಸ್ಥಾನ ಈ ನಾಲ್ಕನೆಯ ಮಾರ್ಗದಲ್ಲಿದೆ.

ಭಾರತೀಯ ಆಧಾರಗಳು

ಗ್ರೀಕ್ ವರದಿ

ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್‌ನ ವರದಿಯನ್ನು ಆಧರಿಸಿ ಗ್ರೀಕ್ ಲೇಖಕ ಅರಿಯನ್ ತನ್ನ ‘ಇಂಡಿಕಾ’ ಕೃತಿಯಲ್ಲಿ ಭಾರತದ ಕಾಲಾಳುಗಳನ್ನು ವರ್ಣಿಸಿದ್ದಾನೆ. ಅವರ ಬಿಲ್ಲು ಆಳೆತ್ತರದ್ದಾಗಿದ್ದು, ಅದನ್ನು ನೆಲಕ್ಕೆ ಊರಿ ಎಡಗಾಲಿನಿಂದ ಒತ್ತಿ ಹೆದೆಯನ್ನು ಹಿಂದಕ್ಕೆ ಸೆಳೆಯುತ್ತಿದ್ದರು. ಆ ಬಾಣವನ್ನು ಗುರಾಣಿಯಾಗಲಿ ಎದೆಕವಚವಾಗಲಿ ತಡೆಯುತ್ತಿರಲಿಲ್ಲ ಎಂದು ಅವನು ಹೇಳುತ್ತಾನೆ. ಎಡಗೈಯಲ್ಲಿ ಹಸಿದೊಗಲಿನ ಗುರಾಣಿ ಇರುತ್ತಿತ್ತೆಂದೂ, ಅದು ಆಳಿಗಿಂತ ಕಿರಿದಾಗಿದ್ದರೂ ಉದ್ದದಲ್ಲಿ ಹೆಚ್ಚು ಕಡಿಮೆಯಿರಲಿಲ್ಲವೆಂದೂ ತಿಳಿಸುತ್ತಾನೆ. ಎಲ್ಲರ ಬಳಿಯೂ ಅಗಲವಾದ ಕತ್ತಿ ಇರುತ್ತಿದ್ದು, ಕೈಕೈ ಕಾದಾಟದಲ್ಲಿ ಅದನ್ನು ಎರಡೂ ಕೈಗಳಿಂದ ಬೀಸುತ್ತಿದ್ದರು. ಬಿಲ್ಲು ಮತ್ತು ಗುರಾಣಿಯ ಜೋಡಿಯ ಪರವಾಗಿ ಉಲ್ಲೇಖಿಸಬಹುದಾದ ಹಳೆಯ ಆಧಾರಗಳಲ್ಲಿ ಇದು ಮುಖ್ಯವಾದುದು. ಆದರೆ ಇಲ್ಲಿ ವರ್ಣಿತವಾದ ಗುರಾಣಿ ಆಟಗಳ ಕಿರುಗುರಾಣಿಯಂತಹುದಲ್ಲ. ಅದು ಉದ್ದನೆಯ ತೊಗಲ ಗುರಾಣಿ. ಬಿಲ್ಲೂ ಕೈಯಲ್ಲಿ ಎತ್ತಿ ಹಿಡಿಯುವಂತಹುದಲ್ಲ, ನೆಲಕ್ಕೂರುವಂತಹುದು.

ಅರ್ಥಶಾಸ್ತ್ರ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಆಯುಧಾಗಾರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಆಯುಧಗಳ ದೀರ್ಘ ಪಟ್ಟಿ ಬರುತ್ತದೆ. ತಾಳೆ, ಬಿದಿರು, ಮರ ಮತ್ತು ಕೊಂಬುಗಳಿಂದ ಮಾಡಿದ ಬಿಲ್ಲುಗಳನ್ನು ಕಾರ್ಮುಕ, ಕೋದಂಡ, ದ್ರೂಣ, ಧನುಸ್ಸು ಎಂಬ ಹೆಸರುಗಳಿಂದ ಗುರುತಿಸಲಾಗಿದೆ. ಗುರಾಣಿಯಂತಹ ಆವರಣಗಳಿಗೆ ಚರ್ಮ, ಹಸ್ತಿಕರ್ಣ, ಕವಾಟ, ಕಿಟಿಕಾ ಮುಂತಾದ ಪ್ರತ್ಯೇಕ ಹೆಸರುಗಳಿವೆ. ಬಿಲ್ಲುಗಳು ಮತ್ತು ಆವರಣಗಳು ಇಲ್ಲಿ ಬೇರೆ ಬೇರೆ ವರ್ಗಗಳಾಗಿ ಬರುತ್ತವೆ.

ಮಹಾಭಾರತ: ಅಭಿಮನ್ಯುವಿನ ಪ್ರಸಂಗ

ಆಯುಧಗಳ ಸರದಿಯ ಬಳಕೆಗೆ ಅತ್ಯಂತ ಸ್ಪಷ್ಟವಾದ ಸಾಹಿತ್ಯಿಕ ಉದಾಹರಣೆ ಮಹಾಭಾರತದ ದ್ರೋಣಪರ್ವದಲ್ಲಿದೆ. ಚಕ್ರವ್ಯೂಹದೊಳಗೆ ಅಭಿಮನ್ಯುವಿನ ಕೈಯಲ್ಲಿ ಬಿಲ್ಲಿರುವವರೆಗೆ ಅವನನ್ನು ಗೆಲ್ಲುವುದು ಅಸಾಧ್ಯವೆಂದು ದ್ರೋಣನು ಕರ್ಣನಿಗೆ ತಿಳಿಸುತ್ತಾನೆ. ಅಭಿಮನ್ಯುವಿನ ಕವಚ ಅಭೇದ್ಯವೆಂಬುದನ್ನೂ ದ್ರೋಣನೇ ಹೇಳುತ್ತಾನೆ. ಆ ಸಲಹೆಯಂತೆ ಕರ್ಣನು ಬಿಲ್ಲನ್ನು ಕತ್ತರಿಸುತ್ತಾನೆ, ಕೃತವರ್ಮನು ಕುದುರೆಗಳನ್ನು ಕೊಲ್ಲುತ್ತಾನೆ, ಕೃಪನು ರಥದ ಪಾರ್ಶ್ವರಕ್ಷಕರನ್ನು ಕೆಡವುತ್ತಾನೆ. ಆಗ ಅಭಿಮನ್ಯು ಕತ್ತಿ ಮತ್ತು ಗುರಾಣಿಯನ್ನು ಕೈಗೆತ್ತಿಕೊಳ್ಳುತ್ತಾನೆ. ದ್ರೋಣನು ಕತ್ತಿಯನ್ನೂ ಕರ್ಣನು ಗುರಾಣಿಯನ್ನೂ ಮುರಿದ ಬಳಿಕ ರಥದ ಚಕ್ರವನ್ನು, ಅದೂ ಹೋದ ಬಳಿಕ ಗದೆಯನ್ನು ಹಿಡಿಯುತ್ತಾನೆ.

ಈ ಪ್ರಸಂಗದಲ್ಲಿ ಗುರಾಣಿ ಕಾಣಿಸಿಕೊಳ್ಳುವುದು ಬಿಲ್ಲು ಇಲ್ಲವಾದ ನಂತರವೇ. ಬಿಲ್ಲಿರುವಷ್ಟು ಹೊತ್ತು ಅವನನ್ನು ಕಾದದ್ದು ಕವಚ, ರಥ ಮತ್ತು ಪಾರ್ಶ್ವರಕ್ಷಕರು. ಅವನನ್ನು ಸುತ್ತುವರಿದವರು ಮೊದಲು ಕಳಚಿದ್ದೂ ಈ ವ್ಯವಸ್ಥೆಯನ್ನೇ. ಅರ್ಜುನನ ರಥಕ್ಕೂ ಯುಧಾಮನ್ಯು ಮತ್ತು ಉತ್ತಮೌಜರು ಚಕ್ರರಕ್ಷಕರಾಗಿದ್ದರೆಂದು ಮಹಾಭಾರತ ಹೇಳುತ್ತದೆ. ಮಹಾರಥಿಯ ಬಿಲ್ಲಿನ ಹಿಂದೆ ಇಂತಹ ಹಲವರ ಕಾವಲು ಇರುತ್ತಿತ್ತು. ಕನ್ನಡದಲ್ಲಿ ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯೂ ಯಕ್ಷಗಾನದ ‘ಅಭಿಮನ್ಯು ಕಾಳಗ’ ಪ್ರಸಂಗವೂ ಈ ಕಥೆಯನ್ನು ಜನಪ್ರಿಯಗೊಳಿಸಿವೆ. ಮಲೆನಾಡು ಮತ್ತು ಕರಾವಳಿಯ ಪ್ರೇಕ್ಷಕರಿಗೆ ಇದು ಚಿರಪರಿಚಿತ.

ಕರ್ನಾಟಕದ ಶಿಲ್ಪ ಮತ್ತು ದಾಖಲೆಗಳು

ವೀರಗಲ್ಲುಗಳು

ಯುದ್ಧದಲ್ಲಿ, ತುರುಗೊಳ್ ಅಥವಾ ಊರಳಿವಿನಂತಹ ಸಂದರ್ಭಗಳಲ್ಲಿ ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು ಕರ್ನಾಟಕದಾದ್ಯಂತ ಇವೆ. ಚಿಕ್ಕಮಗಳೂರು ಮತ್ತು ಶಿವಮೊಗ್ಗ ಜಿಲ್ಲೆಗಳ ಮಲೆನಾಡಿನಲ್ಲಿಯೂ ಅವು ದೇವಾಲಯಗಳ ಬಳಿ, ಹೊಲಗದ್ದೆಗಳ ಅಂಚಿನಲ್ಲಿ ಕಾಣಸಿಗುತ್ತವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ, ಮೇಲಿನ ಪಟ್ಟಿಕೆಯಲ್ಲಿ ದೇವರ ಸನ್ನಿಧಿ ಇರುತ್ತದೆ.

ಕಾಳಗದ ಪಟ್ಟಿಕೆಯಲ್ಲಿ ವೀರನನ್ನು ಎರಡು ಮುಖ್ಯ ಭಂಗಿಗಳಲ್ಲಿ ಕೆತ್ತುವುದು ವಾಡಿಕೆ: ಬಿಲ್ಲನ್ನು ಸೆಳೆದು ನಿಂತವನಾಗಿ, ಇಲ್ಲವೇ ಒಂದು ಕೈಯಲ್ಲಿ ಕತ್ತಿ ಮತ್ತೊಂದು ಕೈಯಲ್ಲಿ ಗುರಾಣಿ ಹಿಡಿದವನಾಗಿ. ಬಿಲ್ಲಾಳಿನ ಸೊಂಟದಲ್ಲಿ ಕಠಾರಿ ಇರುವುದೂ ಉಂಟು. ವೀರಗಲ್ಲು ಒಂದು ನಿರ್ದಿಷ್ಟ ಕಾಳಗದ ಛಾಯಾಚಿತ್ರವಲ್ಲ, ಶಿಲ್ಪಿಯ ರೂಢಿಗೆ ಒಳಪಟ್ಟ ಸ್ಮಾರಕ. ಆದರೂ ಆ ರೂಢಿಯೇ ಬಿಲ್ಲಿನ ಯೋಧ ಮತ್ತು ಗುರಾಣಿಯ ಯೋಧ ಎಂಬ ಎರಡು ಪಾತ್ರಗಳನ್ನು ಬೇರ್ಪಡಿಸಿ ನೋಡಿರುವುದು ಗಮನಾರ್ಹ.

ಹೊಯ್ಸಳ ಶಿಲ್ಪಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಗಳ ಮೇಲೆ ರಾಮಾಯಣ ಮತ್ತು ಮಹಾಭಾರತಗಳ ಯುದ್ಧದೃಶ್ಯಗಳಿದ್ದು, ಅಭಿಮನ್ಯುವಿನ ಚಕ್ರವ್ಯೂಹ ಪ್ರವೇಶದ ಶಿಲ್ಪ ಪ್ರಸಿದ್ಧವಾಗಿದೆ. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಫಲಕಗಳಿವೆ. ಅವುಗಳಲ್ಲಿ 70 ರಾಮಾಯಣಕ್ಕೂ 25 ಕೃಷ್ಣಕಥೆಗೂ 45 ಮಹಾಭಾರತಕ್ಕೂ ಸಂಬಂಧಿಸಿವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದ ವಿದ್ಯಾರ್ಥಿಗಳಿಗೆ ತಮ್ಮ ಜಿಲ್ಲೆಯಲ್ಲಿಯೇ ಇಂತಹ ಯುದ್ಧಶಿಲ್ಪಗಳನ್ನು ನೋಡಲು ಇದು ಉತ್ತಮ ಸ್ಥಳ. ಇಂತಹ ಫಲಕಗಳನ್ನು ನೋಡುವಾಗ ಬಿಲ್ಲು ಹಿಡಿದವನ ಎಡತೋಳಿನ ಮೇಲೆ ಏನಿದೆ, ಅವನ ಪಕ್ಕದಲ್ಲಿ ಯಾರಿದ್ದಾರೆ, ಸೊಂಟದಲ್ಲಿ ಯಾವ ಆಯುಧವಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ.

ವೀರಭದ್ರ ಮತ್ತು ಮಹಿಷಮರ್ದಿನಿ

ಕರ್ನಾಟಕದಲ್ಲಿ ವ್ಯಾಪಕವಾಗಿ ಪೂಜೆಗೊಳ್ಳುವ ವೀರಭದ್ರನನ್ನು ಸಾಮಾನ್ಯವಾಗಿ ಚತುರ್ಭುಜನಾಗಿ, ಖಡ್ಗ, ಖೇಟಕ, ಬಿಲ್ಲು ಮತ್ತು ಬಾಣಗಳನ್ನು ಹಿಡಿದವನಾಗಿ ಕೆತ್ತಲಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಕೆಳದಿಯಲ್ಲಿ ರಾಮೇಶ್ವರ ದೇವಾಲಯದ ಜೊತೆಗೆ ವೀರಭದ್ರನ ಗುಡಿಯೂ ಇದೆ. ಹಲವು ಕೈಗಳ ಮಹಿಷಮರ್ದಿನಿಯ ಮೂರ್ತಿಗಳಲ್ಲಿಯೂ ಬಿಲ್ಲು ಮತ್ತು ಖೇಟಕಗಳು ಒಟ್ಟಿಗೆ ಬರುತ್ತವೆ.

ಈ ಮೂರ್ತಿಗಳಲ್ಲಿ ಪ್ರತಿಯೊಂದು ಆಯುಧಕ್ಕೂ ಒಂದು ಪ್ರತ್ಯೇಕ ಕೈ ಇದೆ. ಬಿಲ್ಲು ಹಿಡಿದ ಕೈಗೆ ಗುರಾಣಿಯನ್ನೂ ಕಟ್ಟಿ ಎರಡು ಕೈಗಳಲ್ಲಿಯೇ ಕೆಲಸ ಮುಗಿಸುವ ಮಾರ್ಗವನ್ನು ಶಿಲ್ಪಿಗಳು ಹಿಡಿಯಲಿಲ್ಲ. ಧಾರ್ಮಿಕವಾಗಿ ಹಲವು ಕೈಗಳು ದೈವಶಕ್ತಿಯ ಸಂಕೇತ. ಯುದ್ಧವಿದ್ಯೆಯ ದೃಷ್ಟಿಯಿಂದ ನೋಡಿದರೆ, ದೂರದ ಹೋರಾಟ ಮತ್ತು ಸಮೀಪದ ಹೋರಾಟ ಎರಡನ್ನೂ ಏಕಕಾಲಕ್ಕೆ ಮಾಡಲು ಎರಡು ಕೈಗಳು ಸಾಲವು ಎಂಬ ಸರಳ ಸಂಗತಿಯನ್ನೂ ಅವು ತೋರಿಸುತ್ತವೆ.

ವಿಜಯನಗರದ ಸೈನ್ಯ

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520-22ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಉತ್ಸವ ಮತ್ತು ಸೈನ್ಯದ ಪರಿವೀಕ್ಷಣೆಯನ್ನು ವರ್ಣಿಸಿದ್ದಾನೆ. ಅವನ ವರ್ಣನೆಯಲ್ಲಿ ಕಾಲಾಳುಗಳು ಆಯುಧಗಳಿಗೆ ಅನುಸಾರವಾಗಿ ಬೇರೆ ಬೇರೆ ತಂಡಗಳಾಗಿ ಬರುತ್ತಾರೆ. ಗುರಾಣಿಯವರ ಗುರಾಣಿಗಳಲ್ಲಿ ಚಿನ್ನಬೆಳ್ಳಿಯ ಹೂಗಳೂ ಹುಲಿ ಮೊದಲಾದ ಮೃಗಗಳ ಚಿತ್ರಗಳೂ ಇದ್ದವು. ಕೆಲವು ಕನ್ನಡಿಯಂತೆ ಹೊಳೆಯುವ ಕಪ್ಪು ಗುರಾಣಿಗಳಾಗಿದ್ದವು. ಅವರ ಬಳಿ ಅಲಂಕೃತ ಕತ್ತಿಗಳಿದ್ದವು. ಬಿಲ್ಲುಗಾರರ ಬಳಿ ಚಿನ್ನಬೆಳ್ಳಿಯ ತಗಡು ಹೊದಿಸಿದ ಬಿಲ್ಲುಗಳೂ ಸೊಂಟದಲ್ಲಿ ಕಠಾರಿಗಳೂ ಕೊಡಲಿಗಳೂ ಇದ್ದವು. ಬಿಲ್ಲುಗಾರರ ಎರಡನೆಯ ಆಯುಧವಾಗಿ ಪಾಯೆಸ್ ಹೆಸರಿಸುವುದು ಕಠಾರಿ ಮತ್ತು ಕೊಡಲಿಗಳನ್ನು, ಗುರಾಣಿಯನ್ನಲ್ಲ. ದೊಡ್ಡ ಸೈನ್ಯದಲ್ಲಿ ಒಬ್ಬನೇ ಎಲ್ಲವನ್ನೂ ಹೊರುವ ಅಗತ್ಯವಿರುವುದಿಲ್ಲ. ಗುರಾಣಿಯ ತಂಡ ಮುಂದೆ ನಿಂತರೆ ಬಿಲ್ಲಿನ ತಂಡ ಹಿಂದಿನಿಂದ ಕೆಲಸ ಮಾಡಬಹುದು.

ಇತರ ದೇಶಗಳಲ್ಲಿ

ಇನ್ನೊಬ್ಬನ ಗುರಾಣಿಯ ಮರೆಯಲ್ಲಿ ನಿಲ್ಲುವ ಕ್ರಮ ಬಹು ಪ್ರಾಚೀನ. ಕ್ರಿ.ಪೂ. 701ರ ಲಾಕೀಶ್ ಮುತ್ತಿಗೆಯನ್ನು ಚಿತ್ರಿಸುವ ಅಸ್ಸೀರಿಯಾದ ಉಬ್ಬುಶಿಲ್ಪಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಸ್ಸೀರಿಯಾದ ಇಂತಹ ಶಿಲ್ಪಗಳಲ್ಲಿ ದೊಡ್ಡ ಗುರಾಣಿ ಹಿಡಿದ ಸಹಾಯಕನ ಮರೆಯಿಂದ ಬಾಣ ಬಿಡುವವರನ್ನು ಕಾಣಬಹುದು. ಹೋಮರನ ಇಲಿಯಡ್‌ನ ಎಂಟನೆಯ ಭಾಗದಲ್ಲಿ ಬಿಲ್ಲುಗಾರ ಟ್ಯೂಸರ್ ತನ್ನ ಅಣ್ಣ ಅಜಾಕ್ಸ್‌ನ ದೊಡ್ಡ ಗುರಾಣಿಯ ಹಿಂದಿನಿಂದ ಹೊರಬಂದು ಬಾಣ ಬಿಟ್ಟು ಮತ್ತೆ ಅದರ ಮರೆಗೆ ಸರಿಯುತ್ತಾನೆ.

ನೆಲದ ಗುರಾಣಿಗೆ ಪರ್ಷಿಯನ್ನರ ಹೆಣೆದ ಗುರಾಣಿಗಳ ಸಾಲು ಉದಾಹರಣೆ. ಕ್ರಿ.ಪೂ. 479ರ ಪ್ಲಾಟಿಯಾ ಕದನದಲ್ಲಿ ಅವರು ಅಂತಹ ತಡೆಯ ಹಿಂದಿನಿಂದ ಬಾಣಗಳ ಮಳೆಗರೆದರೆಂದು ಹೆರೊಡೋಟಸ್ ಬರೆದಿದ್ದಾನೆ. ಮಧ್ಯಯುಗದ ಯುರೋಪಿನಲ್ಲಿ ಅಡ್ಡಬಿಲ್ಲಿನವರು ಪವೀಸ್ ಎಂಬ ಎತ್ತರದ ಗುರಾಣಿಯನ್ನು ಬಳಸುತ್ತಿದ್ದರು. 1346ರ ಕ್ರೆಸಿ ಕದನದಲ್ಲಿ ಜಿನೋವಾದ ಅಡ್ಡಬಿಲ್ಲುಗಾರರ ಪವೀಸ್‌ಗಳು ಸಾಮಾನು ಬಂಡಿಗಳಲ್ಲಿಯೇ ಉಳಿದಿದ್ದು, ಅವರ ಸೋಲಿಗೆ ಅದೂ ಒಂದು ಕಾರಣವಾಯಿತು. ಜಪಾನಿನ ಕುದುರೆ ಬಿಲ್ಲಾಳುಗಳ ಕವಚದಲ್ಲಿ ಭುಜಗಳಿಂದ ಇಳಿಬಿದ್ದ ಅಗಲವಾದ ಫಲಕಗಳಿದ್ದವು. ಕೈಗಳನ್ನು ಬಿಡುವಾಗಿಟ್ಟೇ ಗುರಾಣಿಯ ಕೆಲಸ ಮಾಡುತ್ತಿದ್ದುದರಿಂದ ಅವುಗಳನ್ನು ಈ ಸಮಸ್ಯೆಗೆ ದೊರೆತ ಜಾಣ ಪರಿಹಾರವೆನ್ನಬಹುದು.

ಕಿರುಗುರಾಣಿಯ ಸರದಿ ಬಳಕೆಗೆ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ಉದ್ದಬಿಲ್ಲಿನವರು. ಮಧ್ಯಯುಗದ ಉತ್ತರಭಾಗದಲ್ಲಿ ಅವರಲ್ಲಿ ಅನೇಕರು ಸೊಂಟಪಟ್ಟಿಯಲ್ಲಿ ಕತ್ತಿ ಮತ್ತು ಬಕ್ಲರ್ ತೂಗುಹಾಕಿಕೊಳ್ಳುತ್ತಿದ್ದರು. ಬಾಣಗಳು ಮುಗಿದಾಗ ಅಥವಾ ಶತ್ರು ಮೇಲೆರಗಿದಾಗ ಅವು ಕೈಗೆ ಬರುತ್ತಿದ್ದವು. ಪಶ್ಚಿಮ ಮತ್ತು ಮಧ್ಯ ಏಷ್ಯಾದ ಕುದುರೆ ಬಿಲ್ಲಾಳುಗಳೂ ಹಗುರವಾದ ದುಂಡು ಗುರಾಣಿಯನ್ನು ಒಯ್ಯುತ್ತಿದ್ದರು. ಬೆತ್ತವನ್ನು ಸುರುಳಿ ಸುತ್ತಿ ರೇಷ್ಮೆಯಿಂದ ಬಿಗಿದ ಆಟೋಮನ್ ತುರ್ಕರ ‘ಕಲ್ಕನ್’ ಈ ಬಗೆಯದು.

ಆಟಗಳ ನಿಯಮಗಳಲ್ಲಿ

ಪಾತ್ರಾಭಿನಯ ಆಟಗಳಲ್ಲಿ ಆಟಗಾರನು ಒಂದು ಪಾತ್ರವನ್ನು ವಹಿಸಿ, ಅದರ ಆಯುಧ, ಕವಚ ಮತ್ತು ಗುರಾಣಿಗಳನ್ನು ಆರಿಸಿಕೊಳ್ಳುತ್ತಾನೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ ಪ್ರಕಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇಂತಹ ಆಟಗಳಲ್ಲಿ ಮೊದಲನೆಯದೆಂದು ಪರಿಗಣಿತವಾಗಿದೆ. ಗುರಾಣಿಯಿದ್ದರೆ ಪಾತ್ರದ ರಕ್ಷಣಾಂಕಕ್ಕೆ ಕೆಲವು ಅಂಕಗಳು ಸೇರುತ್ತವೆ. ಆದ್ದರಿಂದ ಬಿಲ್ಲಿನ ಪಾತ್ರಕ್ಕೂ ಆ ಅಂಕ ದೊರೆಯಬೇಕೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಈ ಆಟದ ಮೂರನೆಯ ಆವೃತ್ತಿ (2000) ಮತ್ತು ಅದರ ಪರಿಷ್ಕರಣೆಯಲ್ಲಿ (2003) ಬಕ್ಲರ್ ಮುಂದೋಳಿಗೆ ಕಟ್ಟುವ ಚಿಕ್ಕ ಲೋಹದ ಗುರಾಣಿ. ಅದು ರಕ್ಷಣಾಂಕಕ್ಕೆ 1 ಅಂಕ ಸೇರಿಸುತ್ತದೆ. ಅದನ್ನು ಕಟ್ಟಿಕೊಂಡೇ ಬಿಲ್ಲು ಅಥವಾ ಅಡ್ಡಬಿಲ್ಲನ್ನು ಯಾವ ದಂಡವೂ ಇಲ್ಲದೆ ಬಳಸಬಹುದು. ಅದರ ತೂಕ 5 ಪೌಂಡ್, ಅಂದರೆ ಸುಮಾರು 2.3 ಕಿಲೋಗ್ರಾಂ. ಐದನೆಯ ಆವೃತ್ತಿಯಲ್ಲಿ (2014) ಒಂದೇ ಬಗೆಯ ಗುರಾಣಿಯಿದ್ದು 2 ಅಂಕ ನೀಡುತ್ತದೆ. ಅದು ಒಂದು ಕೈಯನ್ನು ಆಕ್ರಮಿಸುತ್ತದೆ. ಬಿಲ್ಲು ಎರಡು ಕೈಗಳ ಆಯುಧವಾದುದರಿಂದ ಎರಡನ್ನೂ ಜೊತೆಗೆ ಬಳಸುವಂತಿಲ್ಲ. ಗುರಾಣಿಯನ್ನು ತೊಡಲು ಅಥವಾ ತೆಗೆಯಲು ಒಂದು ಸರದಿಯ ಮುಖ್ಯ ಕ್ರಿಯೆಯನ್ನೇ ವ್ಯಯಿಸಬೇಕು. ಪಾತ್‌ಫೈಂಡರ್ ಆಟದ ಎರಡನೆಯ ಆವೃತ್ತಿ (2019) ಮಧ್ಯಮ ಮಾರ್ಗವನ್ನು ಹಿಡಿದಿದೆ: ಗುರಾಣಿಯನ್ನು ಎತ್ತಿ ಹಿಡಿಯುವುದೇ ಒಂದು ಪ್ರತ್ಯೇಕ ಕ್ರಿಯೆ, ಮತ್ತು ಬಕ್ಲರ್ ಕಟ್ಟಿದ ಕೈ ಖಾಲಿಯಾಗಿದ್ದರೆ ಅಥವಾ ಆಯುಧವಲ್ಲದ ಹಗುರ ವಸ್ತುವನ್ನು ಹಿಡಿದಿದ್ದರೆ ಮಾತ್ರ ಅದನ್ನು ಎತ್ತಬಹುದು.

ನೈಜತೆಯ ಮೌಲ್ಯಮಾಪನ

ಮೇಲಿನ ಸಂಗತಿಗಳೊಂದಿಗೆ ಹೋಲಿಸಿದಾಗ ಮೂರನೆಯ ಆವೃತ್ತಿಯ ನಿಯಮ ಅರ್ಧ ಸತ್ಯ. ತೋಳಿಗೆ ಕಿರುಗುರಾಣಿ ಕಟ್ಟಿಕೊಂಡು ಬಾಣ ಬಿಡುವುದು ಅಸಾಧ್ಯವಲ್ಲ. ಆದರೆ ಅದರಿಂದ ಬಾಣಗಾರಿಕೆಗೆ ಯಾವ ತೊಂದರೆಯೂ ಆಗದು, ಬಾಣ ಬಿಡುತ್ತಿರುವಾಗಲೂ ಪೂರ್ಣ ರಕ್ಷಣೆ ದೊರೆಯುತ್ತದೆ ಎಂಬ ಎರಡೂ ಊಹೆಗಳು ತೋಳಿನ ಭಾರ ಮತ್ತು ಗುರಾಣಿಯ ದಿಕ್ಕಿನ ಮುಂದೆ ನಿಲ್ಲುವುದಿಲ್ಲ. ಐದನೆಯ ಆವೃತ್ತಿಯ ನಿಷೇಧ ಬಾಣ ಬಿಡುವ ಕ್ಷಣದ ಮಟ್ಟಿಗೆ ವಾಸ್ತವಕ್ಕೆ ಹತ್ತಿರ. ಆದರೆ ಸೊಂಟದಿಂದ ತಟ್ಟನೆ ಎಳೆದುಕೊಳ್ಳಬಹುದಾದ ಮುಷ್ಟಿಗುರಾಣಿಗೂ ತೋಳಿಗೆ ಬಿಗಿಯಬೇಕಾದ ದೊಡ್ಡ ಗುರಾಣಿಗೂ ಅದು ವ್ಯತ್ಯಾಸ ಮಾಡುವುದಿಲ್ಲ. ಗುರಾಣಿ ಎತ್ತುವುದನ್ನು ಪ್ರತ್ಯೇಕ ಕ್ರಿಯೆಯಾಗಿಸಿದ ನಿಯಮವು ಸರದಿಯ ಬಳಕೆಯನ್ನು ಹೆಚ್ಚು ಚೆನ್ನಾಗಿ ಹಿಡಿದಿಡುತ್ತದೆ.

ಕಾಲದ ಅಳತೆಯೂ ಮುಖ್ಯ. ಮೂರನೆಯ ಮತ್ತು ಐದನೆಯ ಆವೃತ್ತಿಗಳಲ್ಲಿ ಒಂದು ಸುತ್ತು ಎಂದರೆ 6 ಸೆಕೆಂಡು. ಅಷ್ಟರಲ್ಲಿ ಬಾಣ ಹೂಡಿ, ಸೆಳೆದು, ಬಿಟ್ಟು, ಮತ್ತೆ ಗುರಾಣಿಯ ಮರೆಗೆ ಬರುವುದು ಒಂದು ಬಾಣದ ಮಟ್ಟಿಗೆ ಸಾಧ್ಯವೆನ್ನಬಹುದು. ಹಲವು ಬಾಣಗಳನ್ನು ಬಿಡುತ್ತಲೇ ಗುರಾಣಿಯನ್ನೂ ಆಡಿಸುವುದು ಸಾಧ್ಯವಲ್ಲ.

ನೈಜತೆಯನ್ನು ಬಯಸುವ ಆಟಗಳಿಗೆ ಈ ಕೆಳಗಿನ ತತ್ವಗಳು ಹೊಂದುತ್ತವೆ:

1. ಸೊಂಟದಲ್ಲಿ ಕಿರುಗುರಾಣಿ ಒಯ್ಯಲು ಯಾವ ದಂಡವೂ ಬೇಡ, ಯಾವ ರಕ್ಷಣಾಂಕವೂ ಬೇಡ.
2. ಬಿಲ್ಲನ್ನು ಬಿಟ್ಟು ಗುರಾಣಿ ಮತ್ತು ಕತ್ತಿಯನ್ನು ಹಿಡಿಯುವುದು ಬೇಗನೆ ಸಾಧ್ಯವಾಗಬೇಕು. ಮತ್ತೆ ಬಿಲ್ಲಿಗೆ ಮರಳಲು ಹೆಚ್ಚು ಸಮಯ ಹಿಡಿಯಬೇಕು.
3. ತೋಳುಗುರಾಣಿ ಕಟ್ಟಿ ಬಾಣ ಬಿಟ್ಟರೆ ಗುರಿಗೆ ಸ್ವಲ್ಪ ದಂಡವಿರಬೇಕು. ರಕ್ಷಣಾಂಕವು ಬಾಣ ಬಿಡದ ಸುತ್ತಿನಲ್ಲಿ ಮಾತ್ರ ದೊರೆಯಬೇಕು.
4. ಗುರಾಣಿ ಹಿಡಿದ ಜೊತೆಗಾರನ ಹಿಂದೆ ನಿಂತ ಬಿಲ್ಲಾಳಿಗೆ ಉತ್ತಮ ರಕ್ಷಣೆ ದೊರೆಯಬೇಕು.

ನಾಲ್ಕನೆಯ ತತ್ವವು ಒಬ್ಬ ವೀರನ ಸಾಹಸಕ್ಕಿಂತ ತಂಡದ ಹೊಂದಾಣಿಕೆಗೆ ಬೆಲೆ ಕೊಡುತ್ತದೆ. ಇತಿಹಾಸದ ಬಿಲ್ಲಾಳುಗಳು ಉಳಿದುಕೊಂಡದ್ದು ಹೆಚ್ಚಾಗಿ ಹೀಗೆಯೇ.

ಸಾಮಾನ್ಯ ತಪ್ಪುಕಲ್ಪನೆಗಳು

‘ಬಿಲ್ಲಾಳುಗಳು ಎಂದೂ ಗುರಾಣಿ ಬಳಸಲಿಲ್ಲ’ ಎಂಬುದು ಸರಿಯಲ್ಲ. ಬಾಣ ಬಿಡುವ ಕ್ಷಣದಲ್ಲಿ ಬಳಸಲಿಲ್ಲ ಎಂಬುದಷ್ಟೇ ಹೆಚ್ಚಿನ ಸಂದರ್ಭಗಳಿಗೆ ಅನ್ವಯಿಸುತ್ತದೆ.

‘ಚಿಕ್ಕ ಗುರಾಣಿಯಿಂದ ಬಾಣಗಳನ್ನು ತಡೆಯಬಹುದು’ ಎಂಬುದೂ ಪೂರ್ಣ ಸರಿಯಲ್ಲ. ಕಿರುಗುರಾಣಿ ಮುಖ್ಯವಾಗಿ ಕೈಕೈ ಕಾದಾಟದಲ್ಲಿ ಕತ್ತಿಯ ಏಟನ್ನು ತಡೆಯುವ ಮತ್ತು ಕತ್ತಿ ಹಿಡಿದ ಕೈಯನ್ನು ಕಾಯುವ ಸಾಧನ. ಸುಮಾರು 1300ರ ಕಾಲದ, ಇಂದು ಇಂಗ್ಲೆಂಡಿನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿರುವ ‘ಐ.33’ ಹಸ್ತಪ್ರತಿ ಕತ್ತಿ ಮತ್ತು ಬಕ್ಲರ್ ವಿದ್ಯೆಯನ್ನು ಚಿತ್ರಗಳ ಸಹಿತ ಕಲಿಸುತ್ತದೆ. ದೂರದಿಂದ ಬರುವ ಬಾಣಗಳ ವಿರುದ್ಧ ದೊಡ್ಡ ಗುರಾಣಿಯೇ ಬೇಕು.

‘ಶಿಲ್ಪದಲ್ಲಿ ಬಿಲ್ಲು ಮತ್ತು ಗುರಾಣಿ ಒಟ್ಟಿಗೆ ಇರುವುದರಿಂದ ಯೋಧರೂ ಹಾಗೆಯೇ ಹೋರಾಡುತ್ತಿದ್ದರು’ ಎಂಬ ತೀರ್ಮಾನಕ್ಕೆ ಬರುವ ಮೊದಲು ಮೂರ್ತಿಯ ಕೈಗಳನ್ನು ಎಣಿಸುವುದು ಒಳ್ಳೆಯದು.

ಇವನ್ನೂ ನೋಡಿ

ವೀರಗಲ್ಲು
ಧನುರ್ವೇದ
ವೀರಭದ್ರ
ಅಮೃತೇಶ್ವರ ದೇವಾಲಯ, ಅಮೃತಾಪುರ
ಅಭಿಮನ್ಯು
ಡೊಮಿಂಗೊ ಪಾಯೆಸ್